ಬೀಜಕ್ಕೂ ಹೆಪ್ಪು ಬೇಕು



ಈ ಪತ್ರಿಕೆಗೆ ಪಶುವೈದ್ಯರು ಬರೆದರೆ ಕೆಚ್ಚಲು ಬಾವು, ಕಾಲುಬಾಯಿ ಬೇನೆ, ಬೆದೆ, ಖನಿಜ ಮಿಶ್ರಣ, ಇಷ್ಟರಲ್ಲೇ ಮಾತು ಮುಗಿಯುತ್ತದೆ. ಈ ಸಲ ನಾನು ಮೆಣಸಿನಕಾಯಿ, ಬದನೆ, ಟೊಮೆಟೊ, ಬೆಂಡೆ ಬೀಜದ ಬಗ್ಗೆ ಬರೆಯುತ್ತಿದ್ದೇನೆ. ‘ದನದ ಡಾಕ್ಟರಿಗೆ ಬೀಜದ ಉಸಾಬರಿ ಯಾಕೆ?’ ಎಂದು ನೀವು ಕೇಳಿದರೆ ತಪ್ಪಿಲ್ಲ. ಕಾರಣ ಎರಡಿವೆ.

ಒಂದು, ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಭಾಗದಲ್ಲಿ ಹಾಲು ಹಿಂಡುವ ಕೈಯೇ ಬೀಜ ಹಾಕುವ ಕೈ. ಹಿತ್ತಲಿನ ಹೀರೆ ಬಳ್ಳಿಯಿಂದ ಹಿಡಿದು ಅಕ್ಕಡಿ ಸಾಲಿನ ಬೆಂಡೆ, ಚವಳಿಯವರೆಗೆ, ಸಸಿಮಡಿಯ ಮೆಣಸಿನ ಅಗಿಯಿಂದ ಹಿಡಿದು ಬೀಜೋತ್ಪಾದನೆ ಹೊಲದ ಕ್ರಾಸಿಂಗ್ ಕೆಲಸದವರೆಗೆ ದುಡಿಯುವವರು ಹೆಚ್ಚಾಗಿ ನೀವೇ. ಬೀಜ ಕೊಳ್ಳಲು ದುಡ್ಡು ಸಾಲದಿದ್ದಾಗ ಹೋಗುವುದೂ ಹಾಲಿನ ಬಿಲ್ಲಿನಿಂದಲೇ. ಎರಡು, ಬೀಜ ಚೆನ್ನಾಗಿ ಮೊಳೆಯಲು ನೆರವಾಗುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿರುವಂತೆ ನಿಮ್ಮ ಕೊಟ್ಟಿಗೆಯ ಸಗಣಿಯಲ್ಲೂ ಇವೆ. ಅವು ಬದುಕಬೇಕೋ ಸಾಯಬೇಕೋ ಎನ್ನುವುದು ಬಹಳ ಮಟ್ಟಿಗೆ ಕೊಟ್ಟಿಗೆಯಲ್ಲಿ ನಾವು ನೀವು ಬಳಸುವ ಮದ್ದಿನ ಮೇಲೆ ನಿಂತಿದೆ. ಅಲ್ಲಿಗೆ ಇದು ದನದ ಡಾಕ್ಟರನ ಉಸಾಬರಿಯೂ ಆಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತರಕಾರಿ ಬೀಜವನ್ನು ಬರಿದೇ ಮಣ್ಣಿಗೆ ಹಾಕಬೇಡಿ. ಒಳ್ಳೆಯ ಬ್ಯಾಕ್ಟೀರಿಯಾ ಸವರಿ ಹಾಕಿ. ಬಣ್ಣಬಣ್ಣದ ಬಾಟಲಿಗಳಿಗೆ ದುಡ್ಡು ಸುರಿಯುವ ಮೊದಲು ಈ ಸಣ್ಣ ಕೆಲಸ ಮಾಡಿ. ಆದರೆ ಅದು ಜೀವಂತ ವಸ್ತು ಎನ್ನುವುದನ್ನು ಮರೆಯದೆ ಮಾಡಿ.

ಹೆಪ್ಪಿನ ಲೆಕ್ಕ

ಬ್ಯಾಕ್ಟೀರಿಯಾ ಎಂದ ಕೂಡಲೇ ರೋಗ ಎಂದು ಮುಖ ಸಿಂಡರಿಸುವವರು ಬಹಳ. ನೀವು ಹಾಗೆ ಮಾಡಬೇಕಾಗಿಲ್ಲ. ದಿನಾ ರಾತ್ರಿ ಕಾಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬಿಡುತ್ತೀರಲ್ಲ, ಅದೇ ಬ್ಯಾಕ್ಟೀರಿಯಾ ಸಾಕಣೆ. ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರಾಗುತ್ತದೆ. ಹೆಪ್ಪು ಹಾಕದೆ ಹಾಗೇ ಬಿಟ್ಟರೆ ಗಾಳಿಯಿಂದಲೋ ಪಾತ್ರೆಯಿಂದಲೋ ಯಾವುದೋ ಸೂಕ್ಷ್ಮಾಣು ಸೇರಿ ಹಾಲು ಕೆಟ್ಟು ನಾರುತ್ತದೆ. ಹಾಲು ಅದೇ, ರಾತ್ರಿ ಅದೇ. ಯಾರು ಮೊದಲು ಬಂದು ಜಾಗ ಹಿಡಿದರು ಎನ್ನುವುದಷ್ಟೇ ವ್ಯತ್ಯಾಸ.

ಬೀಜದ ಕಥೆಯೂ ಇದೇ. ಒಣ ಬೀಜ ಹಸಿ ಮಣ್ಣಿಗೆ ಬಿದ್ದ ಕೂಡಲೇ ನೀರು ಹೀರಿ ಉಬ್ಬುತ್ತದೆ. ಉಬ್ಬುವಾಗ ಅದರೊಳಗಿನ ಸಕ್ಕರೆ, ಅಮೈನೋ ಆಮ್ಲಗಳು ಸ್ವಲ್ಪ ಸ್ವಲ್ಪ ಹೊರಗೆ ಜಿನುಗುತ್ತವೆ. ಸುತ್ತಲಿನ ಸೂಕ್ಷ್ಮಾಣುಗಳಿಗೆ ಅದು ಊಟದ ಕರೆ ಇದ್ದಂತೆ. ಮೊದಲು ಓಡಿಬಂದದ್ದು ಪಿಥಿಯಂ, ರೈಜೋಕ್ಟೋನಿಯಾ, ಸ್ಕ್ಲೆರೋಷಿಯಂನಂಥ ಶಿಲೀಂಧ್ರವಾದರೆ ಬೀಜ ಮಣ್ಣಿನೊಳಗೇ ಕೊಳೆಯುತ್ತದೆ. ಇಲ್ಲವೇ ಮೊಳಕೆ ಮೇಲೆ ಬಂದು ನಾಲ್ಕು ದಿನಕ್ಕೆ ಬುಡ ಮೆತ್ತಗಾಗಿ ಮಲಗುತ್ತದೆ. ಸಸಿಮಡಿಯಲ್ಲಿ ಅಗಿ ಗುಂಪುಗುಂಪಾಗಿ ಸಾಯುವುದನ್ನು ನೀವು ನೋಡಿರುತ್ತೀರಿ. ಹಾನಗಲ್ಲ ಕಡೆ ಜಿಟಿಜಿಟಿ ಮಳೆ ಹಿಡಿದಾಗ ಇದರ ಕಾಟ ಹೆಚ್ಚು. ಬೀಜದ ಮೈಮೇಲೆ ಮೊದಲೇ ಒಳ್ಳೆಯ ಬ್ಯಾಕ್ಟೀರಿಯಾ ಕುಳಿತಿದ್ದರೆ ಆ ಜಾಗವನ್ನೂ ಆ ಊಟವನ್ನೂ ಅವು ಹಿಡಿದುಕೊಳ್ಳುತ್ತವೆ.

ಜಾಗ ಹಿಡಿದು ಸುಮ್ಮನೆ ಕೂಡುವುದಿಲ್ಲ, ಕೆಲಸವನ್ನೂ ಮಾಡುತ್ತವೆ. ಅಝೋಟೋಬ್ಯಾಕ್ಟರ್, ಅಝೋಸ್ಪೈರಿಲಂ ಎಂಬ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಬೆಳೆಗೆ ದಕ್ಕುವಂತೆ ಮಾಡುತ್ತವೆ. ಬೇರು ಬೆಳೆಸುವ ಹಾರ್ಮೋನುಗಳನ್ನೂ ಕೊಡುತ್ತವೆ. ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಸಾವಯವ ಆಮ್ಲ ಬಿಟ್ಟು ಮಣ್ಣಿನಲ್ಲಿ ಕಟ್ಟಿಬಿದ್ದ ರಂಜಕವನ್ನು ಕರಗಿಸುತ್ತವೆ. ಸವಣೂರು, ಶಿಗ್ಗಾಂವ ಕಡೆಯ ಎರೆ ಭೂಮಿಯಲ್ಲಿ ನಾವು ಹಾಕುವ ಡಿಎಪಿಯ ರಂಜಕದಲ್ಲಿ ಬಹುಪಾಲು ಸುಣ್ಣದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಹುಳಿ ಇರುವ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ದುಡ್ಡು ಕೊಟ್ಟು ಹಾಕಿದ ಗೊಬ್ಬರ ಹೊಲದಲ್ಲೇ ಇದ್ದರೂ ಬೆಳೆಯ ಬಾಯಿಗೆ ಬೀಳುವುದಿಲ್ಲ. ಅದನ್ನು ಬಿಡಿಸಿ ಕೊಡುವ ಕೆಲಸ ಇವುಗಳದು. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎನ್ನುವುದು ಮಣ್ಣಿನ ಕಬ್ಬಿಣವನ್ನು ತಾನು ಹಿಡಿದುಕೊಂಡು ಕೆಟ್ಟ ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ, ಅದನ್ನು ತಡೆಯುವ ರಸವನ್ನೂ ಬಿಡುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ ಎಂದು ಹಿರಿಯ ತಾಯಂದಿರು ನಗಬಹುದು. ಕುಂಬಳ, ಸೋರೆ, ಹೀರೆ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದು, ಮುಂಗಾರಿಗೆ ಆ ಕುಳ್ಳನ್ನೇ ಮುರಿದು ಊರುತ್ತಿದ್ದವರು ಅವರೇ. ‘ಹಿಂದೆ ಈ ಪುಡಿ, ಈ ಪ್ಯಾಕೆಟ್ ಏನೂ ಇಲ್ಲದೆ ಬೆಳೆಯಲಿಲ್ಲವೇ?’ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಆಗ ಬೀಜಕ್ಕೆ ಸಗಣಿ ಸಿಗುತ್ತಿತ್ತು, ಹೊಲಕ್ಕೆ ತಿಪ್ಪೆಗೊಬ್ಬರ ಧಾರಾಳ ಬೀಳುತ್ತಿತ್ತು. ಈಗ ಎಷ್ಟೋ ಹೊಲಗಳು ತಿಪ್ಪೆಗೊಬ್ಬರ ಕಾಣದೆ ವರ್ಷಗಳಾಗಿವೆ.

ಧಾರವಾಡದಲ್ಲಿ ಕಂಡದ್ದು

ಬರೀ ನಂಬಿಕೆಯ ಮಾತು ಎನ್ನಬೇಡಿ. ನಮ್ಮ ಪಕ್ಕದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎನ್. ಶ್ರೀನಿವಾಸ ಮತ್ತು ಅವರ ಸಹೋದ್ಯೋಗಿಗಳು ಬೀಜಾಮೃತವನ್ನು ಪ್ರಯೋಗಶಾಲೆಗೆ ತಂದು ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಅವುಗಳಲ್ಲಿ ಸಾರಜನಕ ಸ್ಥಿರೀಕರಿಸುವವು ಇದ್ದವು, ರಂಜಕ ಕರಗಿಸುವವು ಇದ್ದವು, ಬೆಳವಣಿಗೆಯ ಹಾರ್ಮೋನು ಕೊಡುವವು ಇದ್ದವು, ಸ್ಕ್ಲೆರೋಷಿಯಂ ಶಿಲೀಂಧ್ರವನ್ನು ಹತ್ತಿಕ್ಕುವವೂ ಇದ್ದವು. ಆ ಬ್ಯಾಕ್ಟೀರಿಯಾಗಳನ್ನು ಸೋಯಾ ಅವರೆ ಬೀಜಕ್ಕೆ ಸವರಿದಾಗ ಮೊಳಕೆ ಪ್ರಮಾಣ, ಸಸಿಯ ಉದ್ದ, ಸಸಿಯ ಕಸುವು ಹೆಚ್ಚಿದವು.

ಸೋಯಾ ತರಕಾರಿಯಲ್ಲವಲ್ಲ ಎನ್ನುತ್ತೀರಾ? ಅದೇ ವಿಶ್ವವಿದ್ಯಾಲಯದಿಂದ 2011ರಲ್ಲಿ ಟೊಮೆಟೊ ಮೇಲಿನ ಅಧ್ಯಯನವೂ ಬಂತು. ಶಿಫಾರಸು ಮಾಡಿದ ಗೊಬ್ಬರದ ಜೊತೆಗೆ ಬೀಜಾಮೃತ, ಜೀವಾಮೃತ, ಪಂಚಗವ್ಯ ಮೂರನ್ನೂ ಕೊಟ್ಟ ಟೊಮೆಟೊ ಗಿಡಗಳು ಉಳಿದವುಗಳಿಗಿಂತ ಚೆನ್ನಾಗಿ ಬೆಳೆದವು. ‘ಗೊಬ್ಬರದ ಜೊತೆಗೆ’ ಎಂಬ ಮಾತಿಗೆ ಒತ್ತು ಕೊಟ್ಟು ಓದಿ. ಬ್ಯಾಕ್ಟೀರಿಯಾ ಗೊಬ್ಬರದ ಬದಲಿಗೆ ಬಂದದ್ದಲ್ಲ, ಗೊಬ್ಬರ ಸರಿಯಾಗಿ ಉಪಯೋಗವಾಗಲು ಬಂದದ್ದು.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಸಾರಜನಕ ಕೊಡುವ, ರಂಜಕ ಮತ್ತು ಸತು ಕರಗಿಸುವ, ಬೆಳವಣಿಗೆ ಹೆಚ್ಚಿಸುವ ಸೂಕ್ಷ್ಮಾಣುಗಳನ್ನು ಒಂದೇ ಪುಡಿಯಲ್ಲಿ ಸೇರಿಸಿ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಎಂಬ ಹೆಸರಿನಲ್ಲಿ ಕೊಟ್ಟಿತು. ಬೀಜಕ್ಕೆ ಸವರಲು, ಸಸಿಮಡಿಗೆ ಹಾಕಲು, ಹೊಲಕ್ಕೆ ಕೊಡಲು, ಎಲ್ಲಕ್ಕೂ ಅದನ್ನು ಬಳಸಬಹುದು.

ಪ್ಯಾಕೆಟ್ಟೋ, ಬೀಜಾಮೃತವೋ?

ಎರಡೂ ಒಳ್ಳೆಯವೇ. ಆದರೆ ಒಂದೇ ಅಲ್ಲ. ಪ್ಯಾಕೆಟ್ಟಿನಲ್ಲಿ ಯಾವ ಬ್ಯಾಕ್ಟೀರಿಯಾ, ಎಷ್ಟು ಎನ್ನುವುದು ಗೊತ್ತಿರುತ್ತದೆ. 2006ರಿಂದ ಜೈವಿಕ ಗೊಬ್ಬರಗಳು ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಬಂದಿವೆ. ಅದರಂತೆ ಅಝೋಟೋಬ್ಯಾಕ್ಟರ್, ಅಝೋಸ್ಪೈರಿಲಂ, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳ ಪುಡಿಯ ಒಂದು ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವವಾದರೆ ಒಂದು ಮಿ.ಲೀ.ನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಬೀಜಾಮೃತದಲ್ಲಿ ಹತ್ತಾರು ಬಗೆಯವು ಇರುತ್ತವೆ, ಆದರೆ ಎಷ್ಟು ಎನ್ನುವುದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಬೇರೆ. ಮಾರಾಟದ ಬೆಳೆಗೆ, ದುಬಾರಿ ಬೀಜಕ್ಕೆ ಪ್ಯಾಕೆಟ್, ಹಿತ್ತಲಿಗೆ, ಅಕ್ಕಡಿ ಸಾಲಿನ ಮನೆಬೀಜಕ್ಕೆ ಬೀಜಾಮೃತ ಎನ್ನುವುದು ನನ್ನ ಸಲಹೆ.

ಪ್ಯಾಕೆಟ್ ಬಳಸುವುದು ಹೀಗೆ. ಒಂದು ಕಿಲೋ ಬೀಜಕ್ಕೆ ಸುಮಾರು 20 ಗ್ರಾಂ ಪುಡಿ ಸಾಕು. ಬೆಲ್ಲ ಕರಗಿಸಿ ಕುದಿಸಿ ಆರಿಸಿದ ನೀರು, ಅಥವಾ ತಣಿದ ಅಕ್ಕಿ ಗಂಜಿಯಲ್ಲಿ ಪುಡಿಯನ್ನು ಕಲಸಿ, ಬೀಜದ ಮೈಗೆಲ್ಲ ತೆಳ್ಳಗೆ ಹತ್ತುವಂತೆ ಕೈಯಿಂದ ಮೆಲ್ಲಗೆ ಆಡಿಸಿ. ನೆರಳಲ್ಲಿ ಅರ್ಧ ಗಂಟೆ ಹರವಿ ಆರಿಸಿ. ಅದೇ ದಿನ ಬಿತ್ತಿ. ಮೆಣಸಿನಕಾಯಿ, ಬದನೆಯಂಥ ಸಣ್ಣ ಬೀಜ 100 ಗ್ರಾಂ ಇದ್ದರೆ ಒಂದು ಸಣ್ಣ ಚಮಚ ಪುಡಿ ಹಾಕಿ. ಸ್ವಲ್ಪ ಹೆಚ್ಚಾದರೂ ಹಾನಿಯಿಲ್ಲ. ಬಿಸಿ ಗಂಜಿ ಬೇಡ, ಬಿಸಿಲು ಬೇಡ. ಕುದಿಯುವ ಹಾಲಿಗೆ ಯಾರೂ ಹೆಪ್ಪು ಹಾಕುವುದಿಲ್ಲ, ಅಲ್ಲವೇ?

ಬೀಜಾಮೃತ ಮನೆಯಲ್ಲೇ ಆಗುತ್ತದೆ. ಹಿತ್ತಲಿನ ಬೀಜಕ್ಕೆ ಎರಡು ಲೀಟರ್ ನೀರು, ಅರ್ಧ ಕಿಲೋ ಹಸಿ ಸಗಣಿ, ಅರ್ಧ ಲೀಟರ್ ಗೋಮೂತ್ರ, 5 ಗ್ರಾಂ ತಿನ್ನುವ ಸುಣ್ಣ, ಬದುವಿನ ಒಂದು ಚಿಟಿಕೆ ಮಣ್ಣು ಸಾಕು. ಸಗಣಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ತೂಗಬಿಡಿ. ಬೆಳಿಗ್ಗೆ ಹಿಂಡಿ ತೆಗೆದು, ಆ ನೀರಿಗೆ ಗೋಮೂತ್ರ, ಸುಣ್ಣದ ತಿಳಿ, ಮಣ್ಣು ಸೇರಿಸಿ ಕಲಕಿ. ಬೀಜವನ್ನು ಅದರಲ್ಲಿ ಅದ್ದಿ ತೆಗೆದು ನೆರಳಲ್ಲಿ ಆರಿಸಿ ಬಿತ್ತಿ. ದೇಸಿ ಆಕಳದ್ದೇ ಆಗಬೇಕೇ, ಎಚ್‌ಎಫ್ ಆಕಳದ್ದು, ಎಮ್ಮೆಯದ್ದು ನಡೆಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ದೇಸಿ ಆಕಳಿದ್ದರೆ ಸಂತೋಷ. ಆದರೆ ದನದ ಜಾತಿಗಿಂತ ದನದ ಆರೋಗ್ಯ ದೊಡ್ಡದು ಎನ್ನುವವನು ನಾನು.

ಅಂಗಡಿಯ ಸಂಕರಣ ಬೀಜ ಗುಲಾಬಿ, ಕೆಂಪು, ನೀಲಿ ಬಣ್ಣದಲ್ಲಿ ಬಂದರೆ ಅದಕ್ಕೆ ಆಗಲೇ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಸವರಿದ್ದಾರೆ ಎಂದು ತಿಳಿಯಿರಿ. ಅದರ ಮೇಲೆ ಬ್ಯಾಕ್ಟೀರಿಯಾ ಸವರಿದರೆ ವಿಷದ ಮೇಲೆ ಹೆಪ್ಪು ಬಿಟ್ಟಂತೆ. ತೊಳೆದು ಸವರುವ ಉಸಾಬರಿಯೂ ಬೇಡ. ಅಂಥ ಬೀಜಕ್ಕೆ ಜೈವಿಕ ಗೊಬ್ಬರವನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ಸಸಿಮಡಿಗೆ ಹಾಕಿ. ನಾಟಿ ಮಾಡುವಾಗ ಒಂದು ಕಿಲೋ ಪುಡಿಯನ್ನು 40 ಲೀಟರ್ ನೀರಿನಲ್ಲಿ ಕದಡಿ, ಅಗಿಯ ಬೇರನ್ನು 10 ನಿಮಿಷ ಅದ್ದಿ ಹಚ್ಚಿ. ಕಡಿಮೆ ಅಗಿ ಇದ್ದರೆ ಇದೇ ಲೆಕ್ಕದಲ್ಲಿ ಕಡಿಮೆ ಮಾಡಿಕೊಳ್ಳಿ. ಇನ್ನು ಪಶುವೈದ್ಯನಾಗಿ ಒಂದು ಎಚ್ಚರಿಕೆ: ಮಿಕ್ಕ ಬಣ್ಣದ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಲೇಬೇಡಿ. ತೊಳೆದರೆ ವಿಷ ಹೋಗುತ್ತದೆ ಎಂಬ ಭ್ರಮೆ ಬೇಡ. ಬೀಜ ಬಂದ ಪೊಟ್ಟಣ, ಡಬ್ಬಿ ದನದ ಬಾಯಿಗೆ ಸಿಗುವ ಕಡೆ ಇರಬಾರದು.

ಕೊಟ್ಟಿಗೆಯ ಮದ್ದು ಬೀಜದವರೆಗೆ ಹೋಗುತ್ತದೆ

ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಕೆಚ್ಚಲು ಬಾವು ಬಂದು ಇಂಜೆಕ್ಷನ್ ಆದ ಆಕಳ ಹಾಲಿಗೆ ಹೆಪ್ಪು ಹಾಕಿ ನೋಡಿದವರಿಗೆ ಗೊತ್ತು, ಮೊಸರು ಸರಿಯಾಗಿ ಕೂಡುವುದಿಲ್ಲ. ಹಾಲಿಗೆ ಇಳಿದ ಆಂಟಿಬಯಾಟಿಕ್ ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅದಕ್ಕೇ ಆ ಹಾಲನ್ನು ಸಂಘಕ್ಕೆ ಹಾಕಬೇಡಿ ಎಂದು ನಾವು ಪದೇ ಪದೇ ಹೇಳುವುದು. ಆದರೆ ಆ ಆಕಳ ಸಗಣಿ, ಮೂತ್ರ ಎಲ್ಲಿಗೆ ಹೋಗುತ್ತದೆ ಎಂದು ನಾವು ಯಾರೂ ಕೇಳುವುದಿಲ್ಲ.

ದನಕ್ಕೆ ಕೊಟ್ಟ ಮದ್ದು ಒಳಗೇ ಕರಗಿ ಮಾಯವಾಗುವುದಿಲ್ಲ. ಉದಾಹರಣೆಗೆ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ ಆಕ್ಸಿಟೆಟ್ರಾಸೈಕ್ಲಿನ್‌ನ ಬಹುಪಾಲು ರೂಪ ಬದಲಾಗದೆ ಮೂತ್ರ, ಸಗಣಿಯಲ್ಲಿ ಹೊರಬರುತ್ತದೆ. ಆ ಸಗಣಿಯಿಂದ ಬೀಜಾಮೃತ ಮಾಡಿದರೆ ನಾವು ಬೀಜಕ್ಕೆ ಸವರುವುದು ಹೆಪ್ಪನ್ನಲ್ಲ, ಹೆಪ್ಪು ಕೊಲ್ಲುವ ಮದ್ದನ್ನು. ಇನ್ನೂ ಕೆಟ್ಟದ್ದೆಂದರೆ, ಮದ್ದಿಗೆ ಮಣಿಯುವ ಬ್ಯಾಕ್ಟೀರಿಯಾ ಸತ್ತು ಮಣಿಯದವು ಉಳಿದು ಬೆಳೆಯುತ್ತವೆ. ಅವು ಹಿತ್ತಲಿಗೆ, ಅಲ್ಲಿಂದ ಕೈಗೆ, ಊಟಕ್ಕೆ ಬರುವ ದಾರಿ ದೂರದ್ದಲ್ಲ. ಮುಂದೆ ನಿಮ್ಮ ಮಗುವಿಗೆ ಜ್ವರ ಬಂದಾಗ ಔಷಧಿ ನಾಟದಿದ್ದರೆ ಅದರ ಬೇರು ಕೊಟ್ಟಿಗೆಯಲ್ಲೂ ಇರಬಹುದು.

ಆದ್ದರಿಂದ ಕೆಲವು ಮಾತುಗಳನ್ನು ಗಟ್ಟಿಯಾಗಿ ಹೇಳುತ್ತೇನೆ. ಆಂಟಿಬಯಾಟಿಕ್ ನಡೆಯುತ್ತಿರುವ ದನದ ಸಗಣಿ, ಮೂತ್ರವನ್ನು ಬೀಜಾಮೃತಕ್ಕೆ, ಜೀವಾಮೃತಕ್ಕೆ ಬಳಸಬೇಡಿ. ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಬಿಡುವುದು ಲೇಸು. ಆ ಸಗಣಿಯನ್ನು ತಿಪ್ಪೆಯ ಒಂದು ಬದಿಗೆ ಬೇರೆಯೇ ಹಾಕಿ, ಪೂರ್ತಿ ಕಳಿಯಲು ಬಿಡಿ. ಜಂತುನಾಶಕದ ಇಂಜೆಕ್ಷನ್ ಕೊಟ್ಟಾಗಲೂ ಅಷ್ಟೇ, ಐವರ್ಮೆಕ್ಟಿನ್‌ನಂಥ ಮದ್ದು ಸಗಣಿಯಲ್ಲಿ ಬಂದು ಮಣ್ಣು ಹದ ಮಾಡುವ ಸಗಣಿ ಹುಳಗಳಿಗೆ ಕುತ್ತಾಗುತ್ತದೆ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಕೊಟ್ಟಿಗೆಯ ನೀರು ಗೋಮೂತ್ರದ ಜೊತೆ ಸೇರಬಾರದು. ಮೂತ್ರವನ್ನು ತೊಳೆಯುವ ಮೊದಲೇ ಹಿಡಿದಿಟ್ಟುಕೊಳ್ಳಿ.

ಕಂದು ಹಾಕಿದ ಆಕಳು, ಎಮ್ಮೆಯ ವಿಷಯ ಇನ್ನೂ ಗಂಭೀರ. ಬ್ರುಸೆಲ್ಲೋಸಿಸ್ ಅಂದರೆ ಕಂದು ರೋಗವಿದ್ದರೆ ಸತ್ತ ಕರು, ಮಾಸು, ಗರ್ಭದ ಸ್ರಾವದಲ್ಲೆಲ್ಲ ರೋಗಾಣು ತುಂಬಿರುತ್ತದೆ. ತೇವ, ನೆರಳು ಇರುವ ಸಗಣಿ, ಮಣ್ಣಿನಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಮನುಷ್ಯರಿಗೂ ಹತ್ತುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಬೆವರು ಅದರ ಗುರುತು. ಸಗಣಿಗೆ ಬರಿಗೈ ಹಾಕುವವರು ನೀವಾದ್ದರಿಂದ ಅಪಾಯವೂ ನಿಮಗೇ ಹೆಚ್ಚು. ಕಂದು ಹಾಕಿದ ದನವಿರುವ ಕೊಟ್ಟಿಗೆಯ ಸಗಣಿಯನ್ನು ಪಶುವೈದ್ಯರು ಪರೀಕ್ಷಿಸಿ ಹೇಳುವವರೆಗೆ ಬೀಜಾಮೃತಕ್ಕೆ ಮುಟ್ಟಬೇಡಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಲಸಿಕೆಯೂ ಸೇರಿದೆ. ಬೀಜಾಮೃತ ಕಲಸುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯ, ಮೂಲಂಗಿ, ಸೌತೆಯ ಮೇಲೆ ಹಸಿ ಸಗಣಿ ನೀರು ಸಿಂಪಡಿಸಬೇಡಿ. ಬೀಜಕ್ಕೆ ಸವರುವುದು ಬೇರೆ, ತಿನ್ನುವ ಎಲೆಗೆ ಎರಚುವುದು ಬೇರೆ.

ಕೆಚ್ಚಲು ಬಾವೇ ಬರದಂತೆ ನೋಡಿಕೊಂಡರೆ ಆಂಟಿಬಯಾಟಿಕ್ ಬೇಕಾಗುವುದೇ ಕಡಿಮೆ. ಒಣಗಿದ ನೆಲ, ತೊಳೆದ ಕೈ, ಹಿಂಡಿದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಹಿಂಡಿದ ಮೇಲೆ ಅರ್ಧ ಗಂಟೆ ಮಲಗದಂತೆ ಮೇವು ಹಾಕುವುದು, ಇವು ನಿಮಗೆ ಗೊತ್ತಿರುವ ಮಾತುಗಳೇ. ಇವುಗಳಿಂದ ಹಾಲಿನ ಬಿಲ್ಲು ಉಳಿಯುತ್ತದೆ ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಹಿತ್ತಲಿನ ಬೀಜಾಮೃತವೂ ಉಳಿಯುತ್ತದೆ ಎಂದು ಈಗ ಸೇರಿಸುತ್ತೇನೆ. ಅಂಗಡಿಯಿಂದ ಚೀಟಿಯಿಲ್ಲದೆ ಆಂಟಿಬಯಾಟಿಕ್ ತಂದು ಅರ್ಧ ಕೋರ್ಸ್ ಕೊಟ್ಟು ಬಿಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ.

ಆಗುವುದೆಷ್ಟು, ಆಗದ್ದೆಷ್ಟು

ಬ್ಯಾಕ್ಟೀರಿಯಾ ಸತ್ತ ಬೀಜವನ್ನು ಬದುಕಿಸುವುದಿಲ್ಲ. ಪ್ರಮಾಣಿತ ಬೀಜಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಮೊಳಕೆ ಪ್ರಮಾಣ ಮೆಣಸಿನಕಾಯಿಗೆ ನೂರಕ್ಕೆ 60, ಬೆಂಡೆಗೆ 65, ಟೊಮೆಟೊ ಮತ್ತು ಬದನೆಗೆ 70. ಅಂದರೆ ನೂರು ಮೆಣಸಿನ ಬೀಜದಲ್ಲಿ 40 ಮೊಳೆಯದಿದ್ದರೂ ಆ ಬೀಜ ಕಾನೂನಿನ ಲೆಕ್ಕದಲ್ಲಿ ಪಾಸು. ಹಳೆಯ ಬೀಜ, ಹುಳ ಹತ್ತಿದ ಬೀಜ, ಹಸಿಯಾಗಿ ಕಟ್ಟಿಟ್ಟ ಬೀಜಕ್ಕೆ ಏನು ಸವರಿದರೂ ಪ್ರಯೋಜನವಿಲ್ಲ. ನೀರು ನಿಂತ ಸಸಿಮಡಿಯಲ್ಲಿ ಬ್ಯಾಕ್ಟೀರಿಯಾವೂ ಸೋಲುತ್ತದೆ. ಅದಕ್ಕೆ ಏರುಮಡಿ ಮಾಡಿ, ಬೀಜವನ್ನು ಒತ್ತೊತ್ತಾಗಿ ಚೆಲ್ಲದೆ ಸಾಲಿನಲ್ಲಿ ಹಾಕಬೇಕು. ಮೆಣಸಿನ ಗಿಡದ ಎಲೆ ಮುಟುರು ರೋಗಕ್ಕೂ ಇದು ಮದ್ದಲ್ಲ. ತಿಪ್ಪೆಗೊಬ್ಬರ ಕಾಣದ, ಸಾವಯವ ಅಂಶವಿಲ್ಲದ ಹೊಲದಲ್ಲಿ ಬೀಜದ ಜೊತೆ ಹೋದ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತದೆ.

ಇಷ್ಟು ಹೇಳಿದ ಮೇಲೂ ಇದು ಮಾಡಲೇಬೇಕಾದ ಕೆಲಸ ಎನ್ನುತ್ತೇನೆ. ಯಾಕೆಂದರೆ ಖರ್ಚು ಹೆಚ್ಚೆಂದರೆ ಕೆಲವು ಲೀಟರ್ ಹಾಲಿನ ದುಡ್ಡು, ಕೆಲಸ ಒಂದು ತಾಸಿನದು. ಮಾಡದಿದ್ದರೆ ಆಗುವ ನಷ್ಟ ಯಾರ ಪಾಲಿಗೆ ಬರುತ್ತದೆ ಎನ್ನುವುದನ್ನೂ ನೋಡಿ. ಸಸಿಮಡಿ ಸತ್ತರೆ ಮತ್ತೆ ಬೀಜ ತರಬೇಕು, ಇಲ್ಲವೇ ನರ್ಸರಿಯಿಂದ ಅಗಿ ಕೊಳ್ಳಬೇಕು. ಆ ದುಡ್ಡು ಹಾಲಿನ ಬಿಲ್ಲಿನಲ್ಲಿ ಮುರಿದು ಹೋಗುತ್ತದೆ. ಮತ್ತೆ ಮಡಿ ಮಾಡಿ, ನೀರು ಹಾಕಿ, ಕಳೆ ಕಿತ್ತು ದುಡಿಯುವ ಬೆನ್ನು ನಿಮ್ಮದು. ಆ ದುಡಿಮೆಗೆ ಯಾರೂ ಲೆಕ್ಕ ಬರೆದಿಡುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ, ಕಳೆಯುವ ಸಿರಿಯೂ ಮೊಳಕೆಯಲ್ಲೇ ಇದೆ.

ಸಂಘದ ಆಡಳಿತ ಮಂಡಳಿಗಳಿಗೆ ಒಂದು ಮಾತು

ನಮ್ಮ ಹಾಲು ಉತ್ಪಾದಕರ ಸಂಘಗಳಲ್ಲಿ ಪಶು ಆಹಾರ ಸಿಗುತ್ತದೆ, ಖನಿಜ ಮಿಶ್ರಣ ಸಿಗುತ್ತದೆ, ಮೇವಿನ ಬೀಜವೂ ಸಿಗುತ್ತದೆ. ರೋಹಿಣಿ ಮಳೆಗೆ ಮೊದಲು ಜೈವಿಕ ಗೊಬ್ಬರದ ಪ್ಯಾಕೆಟ್ಟುಗಳೂ ಸಿಗುವಂತೆ ಮಾಡಬೇಕು ಎಂಬುದು ನನ್ನ ಬೇಡಿಕೆ. ಪೇಟೆಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕಾದ ಹೆಣ್ಣುಮಗಳಿಗೆ, ದಿನಾ ಎರಡು ಹೊತ್ತು ಹೋಗುವ ಸಂಘದಲ್ಲೇ ಅದು ಸಿಕ್ಕರೆ ಆಗುವ ಉಪಕಾರ ದೊಡ್ಡದು. ಸದಸ್ಯರ ಬೇಡಿಕೆ ಪಟ್ಟಿ ಮಾಡಿ, ಬಿತ್ತನೆಗೆ ಹದಿನೈದು ದಿನ ಮೊದಲು ತರಿಸಿದರೆ ಗೋದಾಮಿನಲ್ಲಿ ಉಳಿದು ಸಾಯುವ ಭಯವೂ ಇಲ್ಲ. ಎಲ್ಲಿಂದ ತರಿಸುವುದು ಎಂದು ಕೇಳಬಹುದು. ಧಾರವಾಡ ಕೃಷಿ ವಿಶ್ವವಿದ್ಯಾಲಯ, ನಮ್ಮ ಜಿಲ್ಲೆಯ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ, ಇವರಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ ಎಂದು ದಾರಿ ತೋರಿಸುತ್ತಾರೆ. ಮಹಿಳಾ ಸಂಘಗಳು ಇದರಲ್ಲಿ ಮುಂದಾದರೆ ಉಳಿದವರು ತಾವಾಗಿ ಹಿಂದೆ ಬರುತ್ತಾರೆ.

ಕೊಳ್ಳುವಾಗ ಹಾಲಿನಷ್ಟೇ ಕಟ್ಟುನಿಟ್ಟು ಇರಲಿ. ಪ್ಯಾಕೆಟ್ಟಿನ ಮೇಲೆ ಬ್ಯಾಕ್ಟೀರಿಯಾದ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ, ತಯಾರಿಸಿದವರ ವಿಳಾಸ ಇದೆಯೇ ನೋಡಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಅವಧಿ ಮುಗಿದದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಬಿಸಿಲಿಗೆ ಇಟ್ಟ ಅಂಗಡಿಯಿಂದ ಬೇಡ. ಮನೆಯಲ್ಲಿ ಯೂರಿಯಾ, ಕೀಟನಾಶಕದ ಜೊತೆ ಇಡದೆ ತಂಪಾದ ನೆರಳಿನಲ್ಲಿ ಬೇರೆ ಇಡಿ. ‘ಎಲ್ಲ ಬೆಳೆಗೆ, ಎಲ್ಲ ರೋಗಕ್ಕೆ, ಇಳುವರಿ ದುಪ್ಪಟ್ಟು’ ಎಂದು ಬರೆದ ಬಾಟಲಿಯಲ್ಲಿ ಬ್ಯಾಕ್ಟೀರಿಯಾದ ಹೆಸರೇ ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕಡೆಗೆ, ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಈ ಮುಂಗಾರಿಗೆ ನೀವೇ ಪರೀಕ್ಷೆ ಮಾಡಿ. ಒಂದೇ ಪೊಟ್ಟಣದ, ಬಣ್ಣ ಸವರದ 200 ಬೀಜ ಎಣಿಸಿಕೊಳ್ಳಿ. 100 ಬೀಜಕ್ಕೆ ಬ್ಯಾಕ್ಟೀರಿಯಾ ಸವರಿ, 100 ಬೀಜ ಹಾಗೇ ಇರಲಿ. ಒಂದೇ ಮಡಿಯಲ್ಲಿ, ಒಂದೇ ದಿನ, ಎರಡು ಸಾಲು ಹಾಕಿ ನಡುವೆ ಒಂದು ಗೇಣು ಬಿಡಿ. ನೀರು ಎರಡಕ್ಕೂ ಸಮ. ಮೆಣಸಿನಕಾಯಿ, ಬದನೆ, ಟೊಮೆಟೊ ಆದರೆ 14ನೇ ದಿನ ಎಷ್ಟು ಎದ್ದಿವೆ ಎಣಿಸಿ, ಒಂದು ತಿಂಗಳಿಗೆ ಎಷ್ಟು ಉಳಿದಿವೆ ಮತ್ತೆ ಎಣಿಸಿ, ಎರಡು ಅಗಿ ಕಿತ್ತು ಬೇರು ಪಕ್ಕಪಕ್ಕ ಇಟ್ಟು ನೋಡಿ. ಆ ಲೆಕ್ಕವನ್ನು ನಿಮ್ಮ ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಸಂಘದ ಮುಂದಿನ ಸಭೆಗೆ ಬರುವಾಗ ಅದನ್ನು ತನ್ನಿ. ಹತ್ತು ಮನೆಯ ಲೆಕ್ಕ ಒಂದೆಡೆ ಸೇರಿದರೆ, ಯಾವ ಪುಡಿ ಯಾವ ಮಣ್ಣಿಗೆ ಒಗ್ಗುತ್ತದೆ ಎಂದು ಹಾನಗಲ್ಲದವರು ಹಾನಗಲ್ಲಕ್ಕೆ, ಸವಣೂರಿನವರು ಸವಣೂರಿಗೆ ತಾವೇ ಹೇಳಬಲ್ಲರು. ಒಳ್ಳೆಯದಾದರೂ ಹೇಳಿ, ಆಗದಿದ್ದರೂ ಹೇಳಿ. ಆ ಲೆಕ್ಕ ಮುಂದಿನ ಸಂಚಿಕೆಗಳಲ್ಲಿ ನಿಮ್ಮ ಊರಿನ ಹೆಸರಿನೊಂದಿಗೆ ಬರಲಿ ಎಂಬುದು ನನ್ನ ಆಸೆ.